ಕಿತ್ತಳೆ ಪೆಟ್ಟಿಗೆ, ಪೊರಕೆ ಕೋಲು

ಜೂನ್ 12, ಸೋಮವಾರ. ಬೆಳಿಗ್ಗೆ

ಮತ್ತೆ ಒರೆಸಿದೆ. ಬಕೆಟ್ಟು ಅರ್ಧ ತುಂಬಿತು. ಕಾಲುಚೀಲ ಎರಡೂ ತೊಯ್ದು, ಮಾರ್ ದೆಲ್ ಪ್ಲಾತಾದ ಜೂನ್ ಚಳಿಗೆ ಹಚ್ಚಿದ ಹೀಟರಿನ ಮೇಲೆ ಒಣಗುತ್ತಿವೆ. ಮನೆಯೆಲ್ಲ ಬಾರ್ಲಿ ವಾಸನೆ, ಜೊತೆಗೆ ಕಾಲುಚೀಲದ್ದು.

ದಿ ವಾಟರ್ ಈಸ್ ಅಂಡರ್ ದಿ ಟೇಬಲ್. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದು ಇವತ್ತು ಸಾರ್ಥಕ. ಮಿಸ್ ಮೆಕಾಲಿಸ್ಟರ್ ಪೆನ್ಸಿಲನ್ನು ಮೇಜಿನ ಮೇಲಿಟ್ಟು 'ಆನ್' ಅನ್ನುತ್ತಿದ್ದರು, ಕೆಳಗಿಟ್ಟು 'ಅಂಡರ್' ಅನ್ನುತ್ತಿದ್ದರು. ಮುಂದಿನ ಪಾಠಗಳೆಲ್ಲ ಹಾರಿಹೋಗಿವೆ, ಇವೆರಡು ಉಳಿದಿವೆ. ಮೇಜಿನ ಆನ್ ಪೆಟ್ಟಿಗೆ. ಮೇಜಿನ ಅಂಡರ್ ನೀರು. ನೀರಿನ ಅಂಡರ್, ಕೆಳಗಿನ ಮನೆಯಲ್ಲಿ, ಎತೆಲ್ವಿನಾ ಸೋಸಾ.

ಪೆಟ್ಟಿಗೆ ನನ್ನ ಕೈಯಾರೆ ಮಾಡಿದ್ದು. ಅಂದರೆ — ಪೆಟ್ಟಿಗೆ ನನ್ನ ಹೆಂಡತಿ ನಿದಿಯಾಳದ್ದು, ತೂತು ನನ್ನದು. ಜನವರಿಯ ಬೇಸಿಗೆಯಲ್ಲಿ ಬೀಚಿಗೆ ಹೊರುತ್ತಿದ್ದ ಕಿತ್ತಳೆ ಬಣ್ಣದ ಐಸ್ ಪೆಟ್ಟಿಗೆ. ತಂಪು ಹಿಡಿದಿಡುವುದು ಬಿಸಿಯನ್ನೂ ಹಿಡಿದಿಡುತ್ತದೆ. ನುಚ್ಚು ಮಾಡಿದ ಮಾಲ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಮೇಲೆ ಬಿಸಿನೀರು, ಮುಚ್ಚಳ. ಒಂದು ಗಂಟೆ ಬಿಟ್ಟು ಕೆಳಗಿನ ನಲ್ಲಿ ತಿರುಗಿಸಿದರೆ ಸಿಹಿ ಕಷಾಯ ಸೋಸಿ ಬರಬೇಕು. ಅದನ್ನು ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಡ್ರಮ್ಮಿನಲ್ಲಿಟ್ಟರೆ ಬಿಯರ್. ಸೋಸುವುದಕ್ಕೆ ಒಳಗೆ ಮೂರು ಮಾಟೆ ಹೀರುಗೊಳವೆ ಕಟ್ಟಿದ್ದೇನೆ — ಬುರುಡೆಯಲ್ಲಿ ಬಿಸಿನೀರಿಗೆ ನೆನೆಸಿದ ಮಾಟೆ ಎಲೆಯ ಕಷಾಯವನ್ನು ಹೀರುವ ಲೋಹದ ಗೊಳವೆ. ಎಲೆಪುಡಿಯನ್ನು ಬಾಯಿಗೆ ಬಿಡದ ಗೊಳವೆ ಬಾರ್ಲಿ ಸಿಪ್ಪೆಯನ್ನು ಬಿಡುತ್ತದೆಯೇ? ಇದು ನನ್ನ ಸ್ವಂತ ಇನ್ವೆನ್ಷನ್. ನಲ್ಲಿ ಮಾತ್ರ ಅಮೆರಿಕದ್ದು, ಸ್ಟೀಲು, ಹಡಗಿನಲ್ಲಿ ಬಂದದ್ದು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಸೋರುವುದೂ ಅದೇ.

ಇದನ್ನು ಬರೆಯುವಾಗಲೇ ಕೆಳಗಿನಿಂದ ಟಕ್ ಟಕ್ ಟಕ್. ಎತೆಲ್ವಿನಾ ಪೊರಕೆ ಕೋಲಿನಿಂದ ತಮ್ಮ ಸೂರಿಗೆ ಬಡಿಯುತ್ತಾರೆ, ನನ್ನ ಅಂಗಾಲಿಗೆ ತಾಗುತ್ತದೆ. ಮೂರು ಸಲ ಅಂದರೆ ತೊಟ್ಟಿಕ್ಕಿತು ಎಂದು.

ಒರೆಸುತ್ತಿದ್ದೇನಲ್ಲ!

ಜೂನ್ 14, ಬುಧವಾರ

ಚಿಚೆ ಬಂದ. ನಿದಿಯಾಳ ತಮ್ಮ. ಜೀವಮಾನವೆಲ್ಲ ಲಾರಿ ರಿಪೇರಿ ಮಾಡಿದವನು, ಎಲ್ಲ ರೋಗಕ್ಕೂ ಲಾರಿಯ ಔಷಧ ಹೇಳುತ್ತಾನೆ. ನನ್ನ ಬೆನ್ನುನೋವಿಗೆ ಒಮ್ಮೆ ಗ್ರೀಸ್ ಹೇಳಿದ್ದ.

"ಏನ್ ಭಾವಾ, ಸ್ವಿಮ್ಮಿಂಗ್ ಪೂಲ್ ಮಾಡ್ಸಿದೀಯಾ? ನಂಗೊಂದ್ ಮಾತೂ ಹೇಳಿಲ್ಲ!"

"ಹಲ್ಲು ಕಿರೀಬೇಡ. ನಲ್ಲಿ ನೋಡು."

ನೋಡಿದ. ಶಿಳ್ಳೆ ಹಾಕಿದ. "ತಿರುಪಿಗೆ ಟೇಪ್ ಉಲ್ಟಾ ಸುತ್ತಿದೀಯ. ನೀನ್ ಬಿಗಿ ಮಾಡ್ದಂಗೆಲ್ಲಾ ಅದು ಬಿಚ್ಕೊಂಡ್ ಬರುತ್ತೆ. ಅಷ್ಟ್ ವರ್ಷ ಬಂದರಲ್ಲಿ ಕಸ್ಟಮ್ಸ್ ಆಫೀಸು ಅಂತ ಹೋಗ್ತಿದ್ಯಲ್ಲ, ಏನ್ ಕಲ್ಸಿದ್ರು ಅಲ್ಲಿ?"

"ಸೀಲ್ ಹೊಡೆಯೋದು."

"ಇದಕ್ಕೂ ಒಂದ್ ಹೊಡಿ, ನಿಂತ್ರೂ ನಿಲ್ಲುತ್ತೆ."

ಟೇಪು ಬಿಚ್ಚಿ ಸರಿಯಾದ ದಿಕ್ಕಿಗೆ ಸುತ್ತಿದೆವು. ಆಮೇಲೆ ಇನ್ನಷ್ಟು ಸುತ್ತಿದೆವು. ಕೊನೆಗೆ ನಲ್ಲಿಯ ಕುತ್ತಿಗೆ ಗಂಟಲುನೋವು ಬಂದವರ ಹಾಗೆ ಕಾಣಿಸುತ್ತಿತ್ತು. ನೀರು ತುಂಬಿದೆವು. ಒಂದು ಬುರುಡೆ ಮಾಟೆ ಹೀರಿ ಮುಗಿಸುವಷ್ಟು ಹೊತ್ತು ಒಣಗಿತ್ತು. ಆಮೇಲೆ ಮೊದಲ ಹನಿ — ನಲ್ಲಿ ಪೆಟ್ಟಿಗೆಯ ಹಿತ್ತಾಳೆ ಕೊಳವೆಗೆ ಸೇರುವ ಜಾಗದಲ್ಲಿ. ಅಲ್ಲೇ ಹುಟ್ಟುತ್ತದೆ, ತುಂಬಿಕೊಳ್ಳುತ್ತದೆ, ಯೋಚಿಸುತ್ತದೆ, ಬೀಳುತ್ತದೆ.

"ಅಮೆರಿಕದೋರು ಹಂಗೇ," ಅಂದ ಚಿಚೆ. ಅವನು ಅಮೆರಿಕ ನೋಡಿಲ್ಲ, ಊರ ಆಚೆಯ ಟೋಲ್‌ಗೇಟ್ ದಾಟುವುದೂ ಈಗ ಅಪರೂಪ.

ಜೂನ್ 20, ಮಂಗಳವಾರ. ಧ್ವಜ ದಿನದ ರಜೆ

ದುಡುಕಿದೆ. ರಜೆಯ ದಿನ, ಮಾಲ್ಟು ಮನೆಯಲ್ಲಿತ್ತು, ಕೈ ಸುಮ್ಮನಿರಲಿಲ್ಲ. ಕೆಳಗೊಂದು ತಟ್ಟೆ ಇಟ್ಟರೆ ಆಯಿತು ಅಂದುಕೊಂಡು ಶುರು ಮಾಡಿದೆ. ತಟ್ಟೆ ಯಾವಾಗ ತುಂಬಿತೋ ಗೊತ್ತಾಗಲಿಲ್ಲ. ರೇಡಿಯೊದಲ್ಲಿ ಬ್ಯಾಂಡು ಬಾರಿಸುತ್ತಿದ್ದರು, ಪೊರಕೆಯ ಸದ್ದನ್ನು ಡೋಲು ಎಂದೇ ತಿಳಿದೆ.

ಆಮೇಲೆ ಬಾಗಿಲು ಬಡಿದದ್ದು ಡೋಲು ಆಗಿರಲಿಲ್ಲ.

ಎತೆಲ್ವಿನಾ ಸೋಸಾ. ಇಲ್ಲಿಯ ಕ್ಯಾಸಿನೊದಲ್ಲಿ ರೂಲೆಟ್ ಜೂಜಿನ ಚಕ್ರ ತಿರುಗಿಸುತ್ತಿದ್ದವರು, ಈಗ ನಿವೃತ್ತಿ. ಬೆನ್ನು ಇನ್ನೂ ನೆಟ್ಟಗೆ. ಮುಖ ನೋಡಿ ಏನೂ ತಿಳಿಯದು, ಗೋಲಿ ಬೀಳುವ ಮನೆ ಕೆಂಪೋ ಕಪ್ಪೋ.

"ದೋನ್ ಉಲಿಸೆಸ್, ನಿಮ್ಮನೆಯಿಂದ ನಮ್ಮ ಟೇಬಲ್ ಮೇಲೆ ಏನೋ ಬೀಳ್ತಾ ಇದೆ. ಬಿಸಿ ಇದೆ. ಅಂಟು ಇದೆ. ನಾವು ನಾಲ್ಕು ಜನ ಇಸ್ಪೀಟ್ ಆಡ್ತಾ ಇದ್ವಿ. ನನ್ನ ಕೈಯಲ್ಲಿ ಎಂದೂ ಬರದಂಥ ಎಲೆಗಳು ಬಂದಿದ್ವು. ಈಗ ಅವೆಲ್ಲ ಸೇರಿ ಒಂದೇ ಎಲೆ ಆಗಿದೆ."

"ಅದು ಬಾರ್ಲಿ ಕಷಾಯ, ಸೆನ್ಯೋರಾ. ಏನೂ ತೊಂದ್ರೆ ಇಲ್ಲ, ಮೈಗೆ ಒಳ್ಳೇದು."

"ಹಾಗಾದ್ರೆ ಬಾಯಿ ತೆಕ್ಕೊಂಡು ಟೇಬಲ್ ಮೇಲೆ ಮಲ್ಕೊಳ್ಲಾ?"

ಕುಳಿತುಕೊಳ್ಳಿ ಅಂದೆ. ನೀರು ಬಿಸಿ ಇತ್ತು, ಮಾಟೆ ತುಂಬಿ ಕೊಟ್ಟೆ. ಗೊಳವೆಗೆ ಬಾಯಿ ಇಟ್ಟು, ಹಾಗೇ ತೆಗೆದರು.

"ಕಹಿ."

"ಮಾಟೆ ಕಹೀನೇ ಅಲ್ವಾ?"

"ನಮ್ಮನೇಲಿ ಸಕ್ಕರೆ ಹಾಕ್ತೀವಿ."

"ಸಕ್ಕರೆ ಹಾಕಿದ್ರೆ ಅದು ಮಾಟೆ ಅಲ್ಲ ಸೆನ್ಯೋರಾ, ಬಾಣಂತಿ ಕಷಾಯ."

ಇದನ್ನು ಯಾಕೆ ಅಂದೆನೋ. ಹೀರಿ ಮುಗಿಸಿದರು — ಅದು ಅವರ ಮರ್ಯಾದೆ. ಬುರುಡೆ ವಾಪಸು ಕೊಟ್ಟು, "ಗ್ರಾಸಿಯಾಸ್."

ಮೊದಲ ಸುತ್ತಿಗೇ ಗ್ರಾಸಿಯಾಸ್! ಸುಮ್ಮನೆ ಬುರುಡೆ ಹಿಂದಕ್ಕೆ ಕೊಟ್ಟರೆ ಇನ್ನೊಂದು ಬರಲಿ ಎಂದು. ಗ್ರಾಸಿಯಾಸ್, ಅಂದರೆ ಥ್ಯಾಂಕ್ಸ್, ಹೇಳಿದರೆ ಸಾಕು, ಇನ್ನು ನನಗೆ ಕೊಡಬೇಡ ಎಂದು. ಈ ಮನೆಯಲ್ಲಿ ಮೊದಲ ಬುರುಡೆಗೇ ಆ ಮಾತು ಯಾರೂ ಆಡಿದ್ದಿಲ್ಲ. ಚಿಚೆ ಕೊನೆಯ ಬುರುಡೆಗೂ ಆಡುವುದಿಲ್ಲ, ಎಬ್ಬಿಸಿ ಕಳಿಸಬೇಕು.

ನಿದಿಯಾ ಇದ್ದಿದ್ದರೆ ಮೇಜಿನ ಅಂಡರ್ ನನ್ನ ಕಾಲು ತುಳಿಯುತ್ತಿದ್ದಳು.

ಜೂನ್ 28, ಬುಧವಾರ

ಕಟ್ಟಡದವರ ಮೀಟಿಂಗು. ಕೆಳಗಿನ ಹಾಲಿನಲ್ಲಿ, ಲಿಫ್ಟಿನ ಎದುರು, ಎಲ್ಲರೂ ಕೋಟು ಹಾಕಿಕೊಂಡೇ. ಸಮುದ್ರದ ಗಾಳಿ ಬಾಗಿಲ ಸಂದಿಯಿಂದ ಬಂದು ಮೊಣಕಾಲು ಹುಡುಕುತ್ತದೆ. ಜೂನಿನ ಮಾರ್ ದೆಲ್ ಪ್ಲಾತಾಕ್ಕೆ ಯಾವ ಟೂರಿಸ್ಟೂ ಬಾರದಿರುವುದು ಸುಮ್ಮನೆ ಅಲ್ಲ.

ಮೇಲ್ವಿಚಾರಕಿ ಯಾನಿನಾ ಫೋನಿನಲ್ಲಿ ಎತೆಲ್ವಿನಾರ ಸೂರಿನ ಫೋಟೊ ತೋರಿಸಿದಳು. ಕಂದು ಕಲೆ. ಥೇಟ್ ಬ್ರೆಜಿಲಿನ ಆಕಾರ.

"ಅಂಕಲ್, ಇದು ಮನೆ, ಫ್ಯಾಕ್ಟರಿ ಅಲ್ಲ," ಅಂದಳು. "ಆ ಪೆಟ್ಟಿಗೆ, ಡ್ರಮ್ಮು, ಎಲ್ಲಾ ಈ ವಾರವೇ ಹೊರಗೆ ಹೋಗ್ಲಿ. ಯಾರು ಒಪ್ತೀರಿ? ಕೈ ಎತ್ತಿ."

ಕೈಗಳು ಏಳತೊಡಗಿದವು. ಒಂದನೇ ಮಹಡಿಯ ಹಲ್ಲಿನ ಡಾಕ್ಟರು ಎರಡು ಕೈಯನ್ನೂ ಎತ್ತಿದ. ಆಗ ಆ ದನಿ — ನೂರು ಜನರ ಕ್ಯಾಸಿನೊ ಮೇಜನ್ನು ಒಂದೇ ಮಾತಿಗೆ ತಣ್ಣಗಾಗಿಸುತ್ತಿದ್ದ ದನಿ.

"ತಡೀರಿ. ಸೂರು ಯಾರದ್ದು? ನಂದು. ಅವರಿಗೆ ಇನ್ನೊಂದ್ ಸುತ್ತು ಕೊಡಿ. ಒಂದೇ ಒಂದು."

ಕರಾರು ಹೀಗೆ: ರಿಪೇರಿ ಮಾಡಿಕೊಂಡು ಆಗಸ್ಟ್ ಮೂವತ್ತಕ್ಕೆ ಒಂದು ಪೂರ್ತಿ ಬ್ರೂ ಮಾಡಬೇಕು. ಎತೆಲ್ವಿನಾ ಕೆಳಗೆ ಬೋಗುಣಿ ಇಟ್ಟುಕೊಂಡು ಸೂರು ನೋಡುತ್ತ ಕೂರುತ್ತಾರೆ. ಒಂದು ಹನಿ ಬಿದ್ದರೂ ಪೊರಕೆ ಮೂರು ಸಲ ಬಡಿಯುತ್ತದೆ. ಬಡಿದರೆ ಪೆಟ್ಟಿಗೆ ಹೊರಗೆ. ಆಮೇಲೆ ಮಾತಿಲ್ಲ.

ಮೆಟ್ಟಿಲ ಹತ್ತಿರ ಥ್ಯಾಂಕ್ಸ್ ಹೇಳಹೋದೆ. "ನಿಮ್ಮ ಮೇಲೆ ಕರುಣೆ ಅಂತ ಅಂದ್ಕೋಬೇಡಿ ದೋನ್ ಉಲಿಸೆಸ್. ಆಟ ಅರ್ಧಕ್ಕೆ ನಿಲ್ಸೋದು ನಮ್ಮ ಕಸುಬಿನಲ್ಲಿ ಇಲ್ಲ."

ಜುಲೈ 6, ಗುರುವಾರ

ಚಿಚೆಗೆ ಐಡಿಯಾ ಬಂದಿದೆ. ಕಣ್ಣು ಹೊಳೆಯುತ್ತಿತ್ತು, ನನಗೆ ಆಗಲೇ ಭಯ.

"ಲಾರಿ ರೇಡಿಯೇಟರ್ ನಡುದಾರೀಲಿ ಸೋರಿದ್ರೆ ಏನ್ ಮಾಡ್ತಿದ್ವಿ ಗೊತ್ತಾ ಭಾವಾ? ಒಂದ್ ಹಿಡಿ ಮಾಟೆ ಪುಡಿ ಒಳಗೆ. ಬಿಸಿನೀರಿಗೆ ಪುಡಿ ಉಬ್ಬುತ್ತೆ, ತೂತು ಎಲ್ಲಿದ್ಯೋ ಹುಡುಕ್ಕೊಂಡ್ ಹೋಗಿ ತಾನೇ ಕೂತ್ಕೊಳುತ್ತೆ. ಇಲ್ಲಿಂದ ನೆಉಕೆನ್‌ವರೆಗೂ, ಹತ್ತತ್ರ ಸಾವಿರ ಕಿಲೋಮೀಟರ್, ಹೋಗಿದೀನಿ ಹಂಗೆ."

"ಇದು ರೇಡಿಯೇಟರ್ ಅಲ್ಲ ಕಣೋ. ಇದನ್ನ ಜನ ಕುಡೀತಾರೆ."

"ಮಾಟೇನೂ ಜನಾನೇ ಕುಡಿಯೋದು."

ಲಾಜಿಕ್ ಇದೆ. ನೆಸೆಸರಿ ಅಂದರೆ ನೆಸೆಸರಿ. ಸಣ್ಣದಾಗಿ, ಅರ್ಧ ಪೆಟ್ಟಿಗೆಗೆ ಪ್ರಯೋಗ — ನಾಡಿದ್ದು.

ಜುಲೈ 8, ಶನಿವಾರ

ಆನಂದ! ಬಿಸಿನೀರು, ಮಾಲ್ಟು, ಒಂದು ಹಿಡಿ ಮಾಟೆ ಪುಡಿ. ಮೊದಲು ತೊಟ್ಟಿಕ್ಕಿತು. ಆಮೇಲೆ ಹನಿಗಳ ನಡುವೆ ಬಿಡುವು ಹೆಚ್ಚಿತು. ಆಮೇಲೆ ನಿಂತೇ ಹೋಯಿತು. ಒಣಗಿದ ನಲ್ಲಿ! ಕೆಳಗಿನಿಂದ ಸದ್ದಿಲ್ಲ. ಚಿಚೆ ನನ್ನನ್ನು ತಬ್ಬಿಕೊಂಡು ಕುಣಿದ. "ಲಾರಿ, ಭಾವಾ, ಲಾರಿ! ಎಲ್ಲಾ ವಿದ್ಯೆ ಲಾರೀಲಿದೆ!"

ಮಧ್ಯಾಹ್ನ

ಕಷಾಯ ಇಳಿಸಲು ನಲ್ಲಿ ತಿರುಗಿಸಿದೆ. ಏನೂ ಬರಲಿಲ್ಲ.

ಪೂರ್ತಿ ತಿರುಗಿಸಿದೆ. ಏನೂ ಬರಲಿಲ್ಲ. ಪುಡಿ ತೂತನ್ನು ಹುಡುಕಿಕೊಂಡು ಹೋಗಿ ಕೂತಿದೆ, ಸರಿ. ಎಲ್ಲ ತೂತುಗಳನ್ನೂ ಹುಡುಕಿದೆ. ಮೂರು ಹೀರುಗೊಳವೆಯ ಒಂದೊಂದು ರಂಧ್ರದಲ್ಲೂ ಕೂತಿದೆ. ಚಿಚೆ ನಲ್ಲಿಗೆ ಬಾಯಿಟ್ಟು ಊದಿದ, ಕಿವಿ ಕೆಂಪಾಯಿತು, ಪೆಟ್ಟಿಗೆಯ ಒಳಗಿಂದ ಹಸುವಿನ ಹೊಟ್ಟೆಯಂಥ ಒಂದು ಸದ್ದು ಬಂತು, ಅಷ್ಟೆ.

"ಸೋರಿಕೆ ನಿಂತಿದ್ಯಲ್ಲ," ಅಂದ. "ನೀನ್ ಹೇಳಿದ್ದು ಅದೇ ತಾನೆ."

ಸೌಟಿನಿಂದ ಮೊಗೆದೆವು. ಹಸಿರು ಗಂಜಿ. ಚಿಚೆ ಒಂದು ಲೋಟ ಕುಡಿದ, ಬಹಳ ಹೊತ್ತು ಗೋಡೆ ನೋಡಿದ. "ಕುದುರೆಗೆ ಹಿಡಿಸುತ್ತೆ" ಅಂದ.

ಜುಲೈ 23, ಭಾನುವಾರ

ಏನೂ ಮಾಡಿಲ್ಲ. ಪೆಟ್ಟಿಗೆ ಬಾಲ್ಕನಿಯಲ್ಲಿ ತೊಳೆದು ಕವುಚಿ ಇಟ್ಟಿದ್ದೇನೆ. ಬಾಗಿಲು ತೆರೆದರೆ ಕಿತ್ತಳೆ ಬಣ್ಣ, ಮುಚ್ಚಿದರೆ ಇಲ್ಲ. ಮುಚ್ಚಿಟ್ಟಿದ್ದೇನೆ.

ಹೊಸ ಪೆಟ್ಟಿಗೆ ಕೊಂಡುಕೋ, ಇದನ್ನು ಯಾನಿನಾಗೆ ಕೊಟ್ಟುಬಿಡು ಅನ್ನುತ್ತಾನೆ ಚಿಚೆ. ಅವನ ಅಕ್ಕನ ಪೆಟ್ಟಿಗೆ ಅದು. ಜನವರಿಯಲ್ಲಿ ಬ್ರೆಡ್ಡಿನ ನಡುವೆ ಕರಿದ ಮಾಂಸದ ಹಾಳೆ ಇಟ್ಟು, ಒದ್ದೆ ಬಟ್ಟೆ ಸುತ್ತಿ, ಅದರೊಳಗೆ ಜೋಡಿಸುತ್ತಿದ್ದಳು. ಮರಳಿಲ್ಲದ ಒಂದು ತುತ್ತು ಎಂದೂ ತಿಂದದ್ದಿಲ್ಲ. ಮುಚ್ಚಳದ ಒಳಗೆ ಇನ್ನೂ ಒಂದೆರಡು ಮರಳ ಕಣ ಸಿಕ್ಕಿಕೊಂಡಿವೆ, ಎಷ್ಟು ತೊಳೆದರೂ ಹೋಗವು. ಹೋಗಲಿ ಎಂದು ತೊಳೆಯುವುದೂ ಇಲ್ಲ.

ನಿದಿಯಾ ತೀರಿಕೊಂಡ ಮೇಲೆ, ಮೂರು ವರ್ಷದಿಂದ ಈ ಮನೆಗೆ ವಾಸನೆಯೇ ಇಲ್ಲ. ಒಬ್ಬನೇ ಇದ್ದರೆ ಏನು ಬೇಯುತ್ತದೆ? ಒಂದು ಮೊಟ್ಟೆ. ಮೊಟ್ಟೆಗೆಂಥ ವಾಸನೆ. ಬ್ರೂ ಮಾಡುವ ದಿನ ಮಾತ್ರ ಬಾಗಿಲು ತೆರೆದು ಒಳಗೆ ಬಂದರೆ — ಹೊರಗೆ ಹೋಗಿ ಬಂದೇ ನೋಡಿದ್ದೇನೆ, ಬೇಕೆಂದೇ, ಬ್ರೆಡ್ಡು ತರುವ ನೆಪದಲ್ಲಿ — ಒಳಗೆ ಯಾರೋ ಇದ್ದಾರೆ ಅನ್ನುವ ಹಾಗೆ ಇರುತ್ತದೆ. ಪೆಟ್ಟಿಗೆ ಹೋದರೆ ಅದೂ ಹೋಯಿತು. ಇದನ್ನು ಮೀಟಿಂಗಿನಲ್ಲಿ ಹೇಳಲು ಬರುತ್ತದೆಯೇ? ಹಲ್ಲಿನ ಡಾಕ್ಟರು ಏನೆಂದುಕೊಂಡಾನು.

ಪೇಷನ್ಸ್, ಉಲಿಸೆಸ್. ಇದೊಂದು ಪದವೂ ಉಳಿದಿದೆ ನೋಡು.

ಆಗಸ್ಟ್ 6, ಭಾನುವಾರ

ಸಿಕ್ಕಿತು!!

ಬೇಜಾರಿನಿಂದ ನಲ್ಲಿ ಬಿಚ್ಚಿದೆ. ಬಿಸಿಲಿತ್ತು. ನಲ್ಲಿಯ ಬಾಲಕ್ಕೂ ಥ್ರೆಡ್ಡು, ಅಂದರೆ ತಿರುಪಿನ ಹಲ್ಲು, ಪೆಟ್ಟಿಗೆಯ ಹಿತ್ತಾಳೆ ಕೊಳವೆಯ ತುದಿಗೂ ಥ್ರೆಡ್ಡು. ಎರಡೂ ಅರ್ಧ ಇಂಚೇ. ಸುಮ್ಮನೆ ಒಂದರ ಪಕ್ಕ ಒಂದು ಒತ್ತಿ, ಹಲ್ಲಿಗೆ ಹಲ್ಲು ಕೂಡಿಸಿ, ಕಿಟಕಿಯ ಬೆಳಕಿಗೆ ಹಿಡಿದೆ. ನಿದಿಯಾ ಸೂಜಿ ಪೋಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿಯಿಂದ ನೋಡಿದೆ. ಹಲ್ಲುಗಳು ಸಾಲಾಗಿ ಕೂರುತ್ತವೆ — ಆದರೆ ಅಪ್ಪಿಕೊಳ್ಳುವುದಿಲ್ಲ! ಅಮೆರಿಕದ ಹಲ್ಲು ಚೂಪು. ನಮ್ಮದರ ತುದಿ ಗುಂಡಗೆ, ಓರೆಯೂ ಬೇರೆ. ನಡುವೆ ಕೂದಲೆಳೆಯಷ್ಟು ಬೆಳಕು. ಆ ಬೆಳಕೇ ನನ್ನ ನೀರು.

ಈ ಊರಿನ ನಲ್ಲಿ, ಗ್ಯಾಸು ಎಲ್ಲ ಇಂಗ್ಲಿಷರ ಅಳತೆ. ರೈಲು ಹಾಕಿದವರು ಅವರು, ಹೋಗುವಾಗ ತಮ್ಮ ಇಂಚು ಇಲ್ಲೇ ಬಿಟ್ಟು ಹೋದರು. ಅಮೆರಿಕದವರದ್ದೂ ಇಂಚೇ, ಆದರೆ ಅವರ ಥ್ರೆಡ್ಡು ಬೇರೆ. ತಿರುಗಿಸಿದರೆ ಕೂರುತ್ತದೆ, ಬಿಗಿಯೂ ಆಗುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಅದೇ ಮೋಸ. ಕೂರದೇ ಇದ್ದಿದ್ದರೆ ಮೊದಲ ದಿನವೇ ಎಸೆಯುತ್ತಿದ್ದೆ.

ಚಿಚೆಗೆ ಫೋನಿನಲ್ಲಿ ಹೇಳಿದೆ.

"ಅಂದ್ರೆ ನಮ್ಮಿಬ್ರ ಥರ," ಅಂದ. "ಒಂದೇ ಟೇಬಲ್‌ಗೆ ಕೂರ್ತೀವಿ, ಆದ್ರೂ ಅಲ್ಲಲ್ಲಿ ಸೋರುತ್ತೆ."

ಆಗಸ್ಟ್ 12, ಶನಿವಾರ

ಹಾರ್ಡ್‌ವೇರ್ ಅಂಗಡಿಯಿಂದ ಇಲ್ಲಿಯದೇ ಹಿತ್ತಾಳೆ ನಲ್ಲಿ ತಂದೆ. ಹೊಳಪಿಲ್ಲ, ಕುರೂಪಿ. ಸೆಣಬಿನ ನಾರು ಸುತ್ತಿ, ಪೇಸ್ಟು ಬಳಿದು, ಸರಿಯಾದ ದಿಕ್ಕಿಗೆ, ಕೂರಿಸಿದೆ. ತಣ್ಣೀರು ತುಂಬಿ, ಕೆಳಗೆ ಪೇಪರು ಹಾಸಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಪೇಪರು ಒಣ. ಅಲ್ಲೇ ಮಂಡಿಯೂರಿ ಕ್ರೀಡಾ ಪುಟ ಪೂರ್ತಿ ಓದಿದೆ.

ಬಿಸಿನೀರು ತುಂಬಿದೆ. ತೊಟ್.

ಈಗ ಬೇರೆ ಕಡೆ — ಕೊಳವೆ ಪೆಟ್ಟಿಗೆಯ ಗೋಡೆ ದಾಟುವಲ್ಲಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ನನ್ನ ತೂತು ದೊಡ್ಡದಾಗುತ್ತದೆ. ಹೊರಗಡೆಯಿಂದ ದಪ್ಪನೆಯ ವಾಷರ್ ಬೇಕು. ಅಂಗಡಿಯಲ್ಲಿದ್ದವೆಲ್ಲ ತೆಳು. ಮನೆಯೆಲ್ಲ ಹುಡುಕಿದೆ. ಬಾಗಿಲ ಹಿಂದೆ ರಬ್ಬರು ಹವಾಯಿ ಚಪ್ಪಲಿ, ಚಿಚೆ ಜನವರಿಯಲ್ಲಿ ಬಿಟ್ಟು ಹೋದದ್ದು. ಎಡಗಾಲಿನದು. ಹಿಮ್ಮಡಿಯಿಂದ ದುಂಡಗೆ ಕತ್ತರಿಸಿದೆ. ಕಷಾಯಕ್ಕೆ ತಾಗುವುದಿಲ್ಲ, ಹೊರಗಡೆಯದು ತಾನೆ. ನಟ್ಟು ಬಿಗಿದೆ. ಬಿಸಿನೀರು. ಕಾದೆ.

ಒಣ. ಒಣ. ಒಣ.

ಚಿಚೆ ಸಂಜೆ ಬಂದು ಪೆಟ್ಟಿಗೆ ನೋಡಿದ, ಬಾಗಿಲ ಹಿಂದೆ ನೋಡಿದ.

"ಭಾವಾ, ನನ್ ಚಪ್ಲಿ?"

"ಒಳ್ಳೆ ಕೆಲಸಕ್ಕೆ ಹೋಯ್ತು."

"ಬಲಗಾಲಿಂದು?"

"ಸ್ಪೇರ್."

ಆಗಸ್ಟ್ 30, ಬುಧವಾರ. ಬೆಳಿಗ್ಗೆ

ಇವತ್ತು. ಯಾನಿನಾ ತಾರೀಖು ಗೊತ್ತು ಮಾಡುವಾಗ ಯಾರಿಗೂ ಹೊಳೆಯಲಿಲ್ಲ — ಸಾಂತಾ ರೋಸಾ ದಿನ. ಪ್ರತಿ ವರ್ಷ ಈ ದಿನದ ಆಸುಪಾಸಿಗೆ ಬಿರುಗಾಳಿ ಬಂದೇ ತೀರುತ್ತದೆ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಸಮುದ್ರದ ಕಡೆ ಆಕಾಶ ಸೀಸದ ಬಣ್ಣ. ಈ ಸಲ ಸಾಂತಾ ರೋಸಾ ಒಂದು ದಿನವೂ ತಪ್ಪಿಸುವುದಿಲ್ಲ.

ಚಿಚೆಗೆ ಬರಬೇಡ ಅಂದಿದ್ದೇನೆ. ನೀರು ಕಾಯುತ್ತಿದೆ. ಮಾಟೆಯ ನೀರಿನ ಬಿಸಿಯೇ ಮಾಲ್ಟಿಗೂ ಸರಿ, ಕೆಟಲು ಹಾಡಲು ಶುರು ಮಾಡುವ ಮೊದಲು ಇಳಿಸಬೇಕು. ಥರ್ಮಾಮೀಟರ್ ಬೇಡ, ಕಿವಿ ಸಾಕು.

ಅದೇ ದಿನ, ಸಂಜೆ

ಏಪ್ರನ್ ಬಿಚ್ಚದೆಯೇ ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಒಂದು ಗಂಟೆ ಚೊಕ್ಕಟವಾಗಿ ಕಳೆಯಿತು. ಕಷಾಯ ಬೆಣ್ಣೆಯ ಹಾಗೆ ಇಳಿಯಿತು. ಪಾತ್ರೆ ಒಲೆಗೆ ಏರಿಸಿದೆ. ಹೊರಗೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ಹಾಪ್ಸ್ ಹಾಕಬೇಕು, ಪೊಟ್ಟಣ ಬಿಚ್ಚುತ್ತಿದ್ದೇನೆ —

ಟಕ್ ಟಕ್ ಟಕ್.

ನೆಲಕ್ಕೆ ಮಂಡಿಯೂರಿದೆ. ಮೇಜಿನ ಅಂಡರ್ ಕೈಯಾಡಿಸಿದೆ. ಒಣ. ಪೇಪರು ಒಣ. ಗೋಡೆ ಒಣ. ಆದರೂ ಬಡಿದಿದೆ. ಬಡಿದರೆ ಮಾತಿಲ್ಲ. ಏಪ್ರನ್ನಿನಲ್ಲೇ ಕೆಳಗೆ ಓಡಿದೆ. ಅವರ ಬಾಗಿಲು ತೆರೆದಿತ್ತು. ಬೋಗುಣಿ ಮೇಜಿನ ಮೇಲೆ, ಬ್ರೆಜಿಲ್ ಕಲೆಯ ನೇರ ಕೆಳಗೆ, ಖಾಲಿ. ಎತೆಲ್ವಿನಾ ಕಿಟಕಿಯ ಹತ್ತಿರ, ಮಳೆಯಲ್ಲಿ ಅರ್ಧ ನೆಂದು, ತುಂಡಾದ ಪಟ್ಟಿ ಹಿಡಿದು ನಿಂತಿದ್ದರು. ಆ ಪಟ್ಟಿ ಎಳೆದರೆ ಇಳಿಯಬೇಕಾದ ಕಿಟಕಿಯ ಮರದ ಸುರುಳಿ ಪರದೆ ಮೇಲೆ ಸಿಕ್ಕಿಕೊಂಡಿದೆ, ಕೆಳಗಿಳಿಯದು. ಬಿರುಗಾಳಿಗೆ ಕಿಟಕಿ ಬಾಗಿಲೂ ಮುಚ್ಚದು.

"ಎಲ್ಲಿ ಸೋರ್ತು?"

"ಸೋರಿಲ್ಲ. ಕಿಟಕಿ ನೋಡಿ, ಬೇಗ!"

"ಅದಕ್ಕೆ ಮೂರು ಸಲ ಬಡಿಯೋದಾ? ನನ್ನ ಎದೆನೇ ನಿಂತು ಹೋಯ್ತು!"

"ಇನ್ನೆಷ್ಟು ಸಲ ಬಡೀಲಿ ಹೇಳಿ? ನಮ್ಮಿಬ್ರಿಗೂ ಗೊತ್ತಿರೋದು ಅದೊಂದೇ ತಾನೆ!"

ಕುರ್ಚಿ ಹತ್ತಿದೆ. ಏಪ್ರನ್ ಜೇಬಿನಲ್ಲಿ ಟೇಪು, ಸೆಣಬಿನ ನಾರು ಇದ್ದವು. ಪಟ್ಟಿಯನ್ನು ನಾರಿನಿಂದ ಗಂಟು ಹಾಕಿ, ಮೇಲೆ ಟೇಪು ಸುತ್ತಿ, ಜೋತುಬಿದ್ದು ಎಳೆದೆ. ಪರದೆ ಧಡಾರನೆ ಇಳಿಯಿತು. ಕತ್ತಲಾಯಿತು. ಇಬ್ಬರೂ ಏದುಸಿರು ಬಿಡುತ್ತಿದ್ದೆವು.

ಆಗ ಮೂಗಿಗೆ ಬಡಿಯಿತು, ಇಬ್ಬರಿಗೂ ಒಟ್ಟಿಗೇ. ಸುಟ್ಟ ಸಕ್ಕರೆ.

"ಒಲೆ!" ಅಂದರು.

ಮೆಟ್ಟಿಲು ಇಬ್ಬರೂ ಓಡಿ ಹತ್ತಿದೆವು, ನಮ್ಮ ವಯಸ್ಸಿಗೆ ಅದನ್ನು ಓಟ ಅನ್ನುವುದಾದರೆ. ಪಾತ್ರೆಯ ನೊರೆ ಅಂಚಿನ ಮೇಲೆ ಎದ್ದು ನಿಂತು ಎಲ್ಲಿ ಬೀಳಲಿ ಎಂದು ನೋಡುತ್ತಿತ್ತು. ಒಂದು ಕಡೆ ಆಗಲೇ ಒಲೆಯ ಮೇಲೆ ಇಳಿದಿತ್ತು, ಇನ್ನೊಂದು ಉಸಿರಿಗೆ ನೆಲ. ನಾನು ಸೌಟು ಹುಡುಕುತ್ತಿದ್ದೆ. ಎತೆಲ್ವಿನಾ ಆತುರವಿಲ್ಲದೆ ಕೈ ಚಾಚಿ ಗ್ಯಾಸು ಆರಿಸಿದರು. ನೊರೆ ನಿಂತಿತು, ನಾಚಿಕೊಂಡಂತೆ ಕೆಳಗೆ ಇಳಿಯಿತು.

"ಆಟ ಮುಗೀತು," ಅಂದರು ನೊರೆಗೆ.

ಒಲೆ ಒರೆಸಿ ಮತ್ತೆ ಹಚ್ಚಿದೆ. ಮತ್ತೆ ಒಂದು ಗಂಟೆ ಕುದಿಯಬೇಕು. ಅವರು ಹೋಗಲಿಲ್ಲ. ಕೆಳಗೆ ಕತ್ತಲು, ಇಲ್ಲಿಂದಲೇ ನೆಲ ನೋಡುತ್ತೇನೆ, ಸೂರು ನೋಡಿದರೂ ಒಂದೇ ನೆಲ ನೋಡಿದರೂ ಒಂದೇ ಅಂದರು. ಮಾಟೆ ತುಂಬಿದೆ. ಕಾರ್ಡಿಗನ್ ಜೇಬಿನಿಂದ ಪೇಪರಿನ ಸಣ್ಣ ಪೊಟ್ಟಣ ತೆಗೆದರು. ಸಕ್ಕರೆ. ನನ್ನ ಮುಖ ನೋಡುತ್ತಲೇ ಬುರುಡೆಗೆ ಸುರಿದರು.

"ಬಾಣಂತಿ ಕಷಾಯ," ಅಂದರು.

ಅಂದರೆ ಮೇಲೆ ಬರುವ ಮೊದಲೇ, ಕಿಟಕಿ ಮುರಿಯುವ ಮೊದಲೇ, ಜೇಬಿನಲ್ಲಿ ಸಕ್ಕರೆ ಇತ್ತು. ಇದನ್ನು ಈಗ ಬರೆಯುವಾಗ ಹೊಳೆಯುತ್ತಿದೆ.

ಬುರುಡೆ ಒಂದೇ, ಸಿಹಿಯಾದರೆ ಇಬ್ಬರಿಗೂ ಸಿಹಿ. ಕುಡಿದೆ. ನಿದಿಯಾ, ಕ್ಷಮಿಸು. ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕೆಟಲು ಖಾಲಿಯಾಗುವವರೆಗೂ ಬುರುಡೆ ಸುಮ್ಮನೆ ಹಿಂದಕ್ಕೆ ಕೊಡುತ್ತಲೇ ಇದ್ದರು. ಗ್ರಾಸಿಯಾಸ್ ಎಂಬ ಆ ಮಾತು ಆಡಲೇ ಇಲ್ಲ.

ಸೆಪ್ಟೆಂಬರ್ 2, ಶನಿವಾರ

ಯಾನಿನಾಳ ಮೆಸೇಜು: ಎರಡನೇ ಮಹಡಿಯ ಎತೆಲ್ವಿನಾರಿಂದ ವರದಿ ಬಂದಿದೆ, ಒಂದು ಹನಿಯೂ ಇಲ್ಲ, ಪೆಟ್ಟಿಗೆ ಇರಬಹುದು. ಕೊನೆಯಲ್ಲಿ ಒಂದು ನಗುಮುಖ. ಗೆದ್ದೆ! ಚಿಚೆ ಬಲಗಾಲಿನ ಚಪ್ಪಲಿಯನ್ನು ಪೆಟ್ಟಿಗೆಯ ಮುಂದೆ ಇಟ್ಟು ಕೈಮುಗಿದ. ಡ್ರಮ್ಮು ಗುಳುಗುಳು ಅನ್ನುತ್ತಿದೆ.

ಸೆಪ್ಟೆಂಬರ್ 14, ಗುರುವಾರ

ಸೀಸೆಗೆ ತುಂಬಿದೆ. ಗುಳ್ಳೆ ಏಳಲೆಂದು ಸೀಸೆಗೆ ಚೂರು ಸಕ್ಕರೆ. ಮಿಕ್ಕ ಸಕ್ಕರೆಯನ್ನು ಡಬ್ಬಿಗೆ ಹಾಕಿದೆ. ನೆಲ ಒರೆಸಿದೆ. ಒದ್ದೆ ಇರಲಿಲ್ಲ, ಅಭ್ಯಾಸ.

ಕೆಳಗೆ ಸದ್ದಿಲ್ಲ.

ಸೆಪ್ಟೆಂಬರ್ 30, ಶನಿವಾರ

ಮೊದಲ ಸೀಸೆ ತೆರೆದೆವು. ಚಿಚೆ ಕುಡಿದು ಬಹಳ ಹೊತ್ತು ಗೋಡೆ ನೋಡಿದ. "ಕುದುರೆಗೆ ಕೊಡ್ಬೇಡ," ಅಂದ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಅವನ ಬಾಯಿಂದ ಬರುವುದಿಲ್ಲ.

ಎರಡನೇ ಮಹಡಿಯ ಬಾಗಿಲಲ್ಲಿ ಒಂದು ಸೀಸೆ ಇಟ್ಟು ಬಂದೆ. ಬೆಲ್ ಮಾಡಬೇಕೆಂದಿದ್ದೆ. ಮಾಡಿ ಏನೆನ್ನುವುದು? ಸೋರುತ್ತಿಲ್ಲ ಎಂದು ಹೇಳಲು ಬಂದೆ ಅನ್ನಲೇ? ಮೊದಲೆಲ್ಲ ಮೆಟ್ಟಿಲಲ್ಲಿ ಸಿಕ್ಕರೆ ಜಗಳಕ್ಕಾದರೂ ವಿಷಯವಿತ್ತು. ಈಗ 'ಚಳಿ ಕಮ್ಮಿ ಆಯ್ತು' ಅನ್ನುತ್ತಾರೆ, 'ಹೌದು' ಅನ್ನುತ್ತೇನೆ. ಮುಗಿಯಿತು.

ಸಂಜೆ ನನ್ನ ಬಾಗಿಲ ಹೊರಗೆ ಖಾಲಿ ಸೀಸೆ, ತೊಳೆದು ಒರೆಸಿದ್ದು. ಚೀಟಿಯಿಲ್ಲ, ಏನೂ ಇಲ್ಲ. ರುಚಿ ಹೇಗಿತ್ತು ಎಂದಾದರೂ... ಕೆಂಪೋ ಕಪ್ಪೋ.

ಅಕ್ಟೋಬರ್ 3, ಮಂಗಳವಾರ. ಮಧ್ಯಾಹ್ನ

ಎರಡನೇ ಬ್ರೂ. ಪೆಟ್ಟಿಗೆ ತುಂಬಿ ಮುಚ್ಚಿದ್ದೇನೆ. ಮನೆಯೆಲ್ಲ ಆ ವಾಸನೆ. ಪೇಪರು ಒಣ, ನೆಲ ಒಣ, ನಲ್ಲಿ ಒಣ. ಇಂಥ ಒಣಗಿದ ನೆಲದ ಮೇಲೆ ಮನುಷ್ಯ ಏನು ಮಾಡಬೇಕು?

ಸ್ಪ್ಯಾನರು ಮೇಜಿನ ಆನ್ ಇದೆ. ಒಂದು ಹುಚ್ಚು ಯೋಚನೆ. ನಟ್ಟನ್ನು ಕಾಲು ಸುತ್ತು ಸಡಿಲಿಸಿದರೆ ಸಾಕು. ಒಂದೇ ಹನಿ. ಅವರು ಬಡಿಯುತ್ತಾರೆ, ನಾನು ಇಳಿದು ಹೋಗುತ್ತೇನೆ, ಕ್ಷಮೆ ಕೇಳುತ್ತೇನೆ... ಯಾನಿನಾಗೆ ಗೊತ್ತಾದರೆ ಪೆಟ್ಟಿಗೆ ಹೊರಗೆ, ಮರಳೂ ಹೊರಗೆ, ವಾಸನೆಯೂ ಹೊರಗೆ. ಒಂದು ಚಳಿಗಾಲ ಪೂರ್ತಿ ಹೊಡೆದಾಡಿದ್ದು ಇದಕ್ಕೇ ಏನು? ನಿದಿಯಾ ಇದ್ದಿದ್ದರೆ, "ಎಪ್ಪತ್ತೊಂದಾಯ್ತು ಉಲಿಸೆಸ್, ಕೆಳಗೆ ಹೋಗಿ ಬಾಯಿಬಿಟ್ಟು ಕರಿಯಕ್ಕೆ ಬರಲ್ವಾ?" ಅನ್ನುತ್ತಿದ್ದಳು. ಬರುವುದಿಲ್ಲ. ಏನು ಮಾಡಲಿ.

ಸ್ಪ್ಯಾನರು ನಟ್ಟಿಗೆ ಇಟ್ಟೆ. ತೆಗೆದೆ. ಮತ್ತೆ ಇಟ್ಟೆ —

ಟಕ್ ಟಕ್ ಟಕ್.

ಸ್ಪ್ಯಾನರು ಕೈಯಿಂದ ಬಿತ್ತು. ತಿರುಗಿಸಿಲ್ಲ! ದೇವರಾಣೆ ತಿರುಗಿಸಿಲ್ಲ. ಬಗ್ಗಿ ನೋಡಿ ಬಂದೆ, ಈಗ ಬರೆಯುತ್ತಿದ್ದೇನೆ. ಪೇಪರು ಒಣ. ಡ್ರಮ್ಮಿನ ಕೆಳಗೂ ಒಣ, ಸಿಂಕಿನ ಕೆಳಗೂ. ಹೊರಗೆ ಬಿಸಿಲು, ಮೋಡವೇ ಇಲ್ಲ, ಕಿಟಕಿಯಲ್ಲ. ದಿ ವಾಟರ್ ಈಸ್ ನಾಟ್ ಅಂಡರ್ ದಿ ಟೇಬಲ್. ಎಲ್ಲೂ ಏನೂ ಸೋರುತ್ತಿಲ್ಲ.

ಹಾಗಾದರೆ...

ನೆಲ ಒರೆಸುವ ಕೋಲಿನಿಂದ ನಾನೂ ಬಡಿದೆ. ಮೂರು ಸಲ.

ಕೆಳಗೆ ಬಾಗಿಲ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿ. ಕೆಟಲು ಇಟ್ಟಿದ್ದೇನೆ, ಹಾಡುವ ಮೊದಲು ಇಳಿಸಬೇಕು. ಸೀಸೆಗೆ ತಂದು ಮಿಕ್ಕ ಸಕ್ಕರೆ — ಯಾವ ಡಬ್ಬಿಗೆ ಹಾಕಿದ್ದೆ, ಹಸಿರು ಮುಚ್ಚಳದ್ದೋ, ಆ ಮೇಲಿನ ಅರೆಯದೋ — ಬಾಗಿಲು ಬಡಿದರು!